ಮುಳುಗಿದ ಊರಿನ ಬಾಗಿಲು

ಬೆಳಗಾವಿಯ ಹಾಸ್ಟೆಲೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: ‘ಭಾನುವಾರ ಐವರು ಗೆಳೆಯರು ಕೂಡಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ; ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಅದರೊಳಗೆ ಸಾಗುವ ಆಟ. ಹೋದ ವಾರ ಕಥೆ ನಡೆಸುವವನು ನೀರಿನಡಿ ಮುಳುಗಿದ ಪಟ್ಟಣವೊಂದನ್ನು ತಂದ. ನಾವೆಲ್ಲ ನಿಧಿಗೆ ಹೊರಟರೆ ಬಾಗಲಕೋಟೆಯ ಗೆಳೆಯ ಮಾತ್ರ, ಇಲ್ಲಿದ್ದ ಮಂದಿ ಎಲ್ಲಿಗೆ ಹೋದರು ಎಂದು ಕೇಳುತ್ತ ಕುಳಿತ. ಆಟ ಕೆಟ್ಟಿತು. ಮನೆಯ ಸಂಕಟವನ್ನು ಆಟಕ್ಕೆ ತರಬಾರದೆಂದು ನೀವಾದರೂ ಅವನಿಗೆ ಹೇಳಿ.’

ಪ್ರಿಯರೇ,

ಹೇಳಲಾರೆ. ಮೊದಲು ನನ್ನ ಯೋಗ್ಯತೆ ಕೇಳಿ: ಪಗಡೆಯ ಆಚೆ ದಾಳ ಮುಟ್ಟಿದವನಲ್ಲ ನಾನು. 20 ಮುಖದ ದಾಳ ಕಂಡದ್ದು ಕಳೆದ ದೀಪಾವಳಿಗೆ, ಅಣ್ಣನ ಮಗನ ಕೈಯಲ್ಲಿ. ಎರಡು ರಾತ್ರಿ ಆಡಿದೆ, ಎರಡೂ ಸಲ ಸತ್ತೆ.

ಬದುಕನ್ನು ಆಟಕ್ಕೆ ತರಬಾರದು ಎನ್ನುತ್ತೀರಿ. ಆಟ ಕಟ್ಟಿದವರೇ ತಂದಿದ್ದಾರಲ್ಲ! 1974ರಲ್ಲಿ ಅಮೆರಿಕದಲ್ಲಿ ಇದನ್ನು ಹೊರತಂದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಸಾಲಿಟ್ಟು ಯುದ್ಧದಾಟ ಆಡಿ ಪಳಗಿದವರು. ಅದಕ್ಕೇ ಏಟಿಗೂ ಲೆಕ್ಕ, ಕವಚಕ್ಕೂ ಲೆಕ್ಕ. ಆರಂಭದ ನಿಯಮದಲ್ಲಂತೂ ನೆಲಮಾಳಿಗೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ‘ಅನುಭವ’ದ ಅಂಕ. ಹಾಳೂರು ಎಂದರೆ ಲೂಟಿಗೆ ಕಾದಿರುವ ಊರು ಎಂಬ ನೋಟ ಆ ನಿಯಮದಲ್ಲೇ ಇತ್ತು. ನಿಮಗೆ ಅದು ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ನಿಮ್ಮ ಗೆಳೆಯನಿಗೆ ಮುಳುಗಿದ ಊರು ಕಟ್ಟುಕಥೆಯಲ್ಲ. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ನುಗ್ಗಿತು, ಮಂದಿ ನವನಗರಕ್ಕೆ ಬಂದರು. 519.60 ಮೀಟರ್, 524.256 ಮೀಟರ್ ಎಂಬ ಅಂಕಿಗಳು ಆ ಕಡೆ ಇಂದಿಗೂ ಚಹಾದಂಗಡಿಯ ಮಾತು: ಮೊದಲನೆಯದು ಈಗ ನೀರು ನಿಲ್ಲುವ ಮಟ್ಟ, ಎರಡನೆಯದು ಏರಿಸಬೇಕೆಂದಿರುವ ಮಟ್ಟ. ನನ್ನ ಸೋದರಮಾವ ಮುಳುಗಡೆಯ ಮನೆ ಬಿಡುವಾಗ ತೊಲೆ, ಜಂತಿಗಳನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿ, ಕೊನೆಗೆ ತಲಬಾಗಿಲ ಚೌಕಟ್ಟನ್ನೂ ಕೀಳಿಸಿದರು. ಹೊಸ ಮನೆಯಲ್ಲಿ ಬಿಟ್ಟಿದ್ದ ಜಾಗಕ್ಕಿಂತ ಅದು ನಾಲ್ಕು ಬೆರಳು ಎತ್ತರವಾಯಿತು. ಬಡಿಗ ಗರಗಸ ತೆಗೆದ. ಮಾವ ಚೌಕಟ್ಟು ಮುಟ್ಟಗೊಡಲಿಲ್ಲ, ಗೋಡೆ ಒಡೆಸಿದರು. ಇಂಥದ್ದನ್ನೇ ಕೇಳಿ ಬೆಳೆದ ಹುಡುಗನಿಗೆ ‘ಬಾಗಿಲು ಮುರಿದು ಒಳನುಗ್ಗುತ್ತೇನೆ’ ಎಂದು ದಾಳ ಉರುಳಿಸಲು ಕೈ ಬರುವುದಾದರೂ ಹೇಗೆ?

ಹಾಗೆಂದು ಅವನೇನೂ ಪಂಚನಲ್ಲ. ನಿಮ್ಮ ನಿಧಿಯ ಆಸೆಯನ್ನು ಅವನು ಪಾಪವೆಂದಿದ್ದರೆ ಅದು ತಪ್ಪು. ಆದರೆ ಅವನು ಕೇಳಿದ್ದು ಪ್ರಶ್ನೆ. ನಮ್ಮ ಕೃಷ್ಣ ಪಾರಿಜಾತ ಬಯಲಾಟದ ಭಾಗವತನಾಗಿದ್ದರೆ ಅಂಥ ಪ್ರಶ್ನೆ ಸಿಕ್ಕಿತೆಂದು ಇನ್ನೊಂದು ತಾಸು ಆಟ ಎಳೆಯುತ್ತಿದ್ದ. ಉತ್ತರ ಸಿದ್ಧವಿಲ್ಲದೆ ಕಥೆ ನಡೆಸುವವನು ತಬ್ಬಿಬ್ಬಾದ, ಆಟ ಕೆಟ್ಟದ್ದು ಅಲ್ಲಿ ಎಂಬುದು ನನ್ನ ಗುಮಾನಿ.

ಮುಂದಿನ ಭಾನುವಾರ ಆ ಪಟ್ಟಣದ ಒಂದು ಮನೆಗೆ ಬಾಗಿಲ ಚೌಕಟ್ಟೇ ಇಲ್ಲದಂತೆ ಮಾಡಲು ಕಥೆ ನಡೆಸುವವನಿಗೆ ತಿಳಿಸಿ. ಯಾರು ಒಯ್ದರು, ಎಲ್ಲಿ ನಿಲ್ಲಿಸಿದರು ಎಂದು ಹುಡುಕಿಕೊಂಡು ಐವರೂ ಹೊರಡಿ. ನಿಧಿ ಬೇಕೇ ಬೇಕೆಂದರೆ ಅದೂ ಆ ಮನೆಯವರ ಬಳಿಯೇ ಇರಲಿ.

– ಸಂ.