‘ಮನಸ್ಸು ಮಾಡಿದ್ರೆ ನಂಬಬಹುದು’ ಎನ್ನುವ ಹೆಂಡತಿ, ‘ಆಗ್ತಿಲ್ಲ’ ಎನ್ನುವ ಗಂಡ

(ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಧರ್ಮ ಯಾವುದು ಅಂತ ಹೇಳುವುದಿಲ್ಲ. ಯಾವ ಧರ್ಮದ ಮನೆಯಲ್ಲಾದರೂ ಇದು ನಡೆಯಬಹುದು.)

ಗಂಡ ನನ್ನ ಹತ್ತಿರ ಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿ ಎರಡು ಮಕ್ಕಳು. ಸ್ವಲ್ಪ ಹೊತ್ತು ಆಫೀಸಿನ ಒತ್ತಡದ ಬಗ್ಗೆ ಮಾತಾಡಿ, ಆಮೇಲೆ ತಲೆ ತಗ್ಗಿಸಿ ಹೇಳಿದರು: "ಮೇಡಂ, ನನಗೆ ದೇವರಲ್ಲಿ ನಂಬಿಕೆ ಹೋಗಿಬಿಟ್ಟಿದೆ."

ಸಾವು, ಮೋಸ ಅಂಥದ್ದೇನೂ ನಡೆದಿರಲಿಲ್ಲ. ಒಂದೊಂದೇ ಪ್ರಶ್ನೆ ಎದ್ದಿತ್ತು, ಉತ್ತರ ಸಿಕ್ಕಿರಲಿಲ್ಲ. ಕೊನೆಗೆ ಪ್ರಾರ್ಥನೆಗೆ ಕೂತರೆ ತನ್ನ ಜೊತೆ ತಾನೇ ಮಾತಾಡಿಕೊಂಡ ಹಾಗೆ ಅನ್ನಿಸತೊಡಗಿತ್ತು. ಹೆಂಡತಿಗೆ ಹೇಳಿದಾಗ ಆಕೆ ಅತ್ತರು, ಆಮೇಲೆ ಸಿಟ್ಟಾದರು. "ನೀವು ಬೇಕೂಂತಲೇ ಬಿಟ್ಟಿದ್ದೀರಿ. ಮನಸ್ಸು ಮಾಡಿದ್ರೆ ನಂಬಬಹುದು" ಅನ್ನುವುದು ಆಕೆಯ ವಾದ.

ಇಂಥವರು ಬಂದಾಗ ನಾನು ಮೊದಲು ಖಿನ್ನತೆ ಇದೆಯೇ ಅಂತ ನೋಡುತ್ತೇನೆ. ಖಿನ್ನತೆಯಲ್ಲಿ ದೇವರ ಬಗ್ಗೆ ಮಾತ್ರ ಅಲ್ಲ, ಊಟ, ಮಕ್ಕಳು, ಸಂಗೀತ, ಎಲ್ಲದರ ಬಗ್ಗೆಯೂ ಮನಸ್ಸು ಬರಡಾಗುತ್ತದೆ. ಇವರಿಗೆ ಹಾಗಿರಲಿಲ್ಲ. ನಿದ್ದೆ ಕೆಟ್ಟದ್ದು ಜಗಳದಿಂದ ಮತ್ತು ತಪ್ಪಿತಸ್ಥ ಭಾವದಿಂದ. ನಂಬಿಕೆ ಹೋಗುವುದು ಕಾಯಿಲೆ ಅಲ್ಲ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ 1994ರ ಆವೃತ್ತಿಯಲ್ಲಿ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ವಿಭಾಗ ಸೇರಿಸಿತು. ನಂಬಿಕೆ ಕಳೆದುಕೊಂಡ ಸಂಕಟವೂ ಅದರೊಳಗೆ ಬರುತ್ತದೆ. ನೆರವು ಬೇಕಾಗುವ ವಿಷಯ, ಆದರೆ ಮಾನಸಿಕ ರೋಗವಲ್ಲ ಅನ್ನುವುದು ಅದರ ಅರ್ಥ. ಇದನ್ನು ಕೇಳಿದ ಮೇಲೆ ಅವರು ಸ್ವಲ್ಪ ನಿರಾಳವಾದರು.

ಮುಂದಿನ ಸಲ ಇಬ್ಬರೂ ಬಂದರು. ಹೆಂಡತಿ ಚುರುಕು, ಮಾತಿನಲ್ಲಿ ಗಂಡನಿಗಿಂತ ಮುಂದೆ. ನಾನು ಅವರಿಗೆ ಒಂದು ಕೆಲಸ ಕೊಟ್ಟೆ: "ಇವತ್ತು ಸಂಜೆವರೆಗೆ ದೇವರಿಲ್ಲ ಅಂತ ನಂಬಿ. ನಾಟಕ ಬೇಡ, ನಿಜವಾಗಿ ನಂಬಬೇಕು."

"ಛೆ, ಅದು ಹೇಗಾಗುತ್ತೆ?"

"ಮನಸ್ಸು ಮಾಡಿದ್ರೂ?"

ಸುಮ್ಮನಾದರು. ಆದರೆ ಸೋತವರ ಮೌನ ಅದಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ನನಗೂ ಅನುಮಾನ ಬಂದಿದೆ ಮೇಡಂ. ಆಗ ನಾನು ಜಾಸ್ತಿ ಪ್ರಾರ್ಥನೆ ಮಾಡ್ದೆ. ಇವರು ನಾಸ್ತಿಕರ ವಿಡಿಯೋ ನೋಡ್ತಾ ಕೂತ್ರು. ಅದು ಆಯ್ಕೆ ಅಲ್ವಾ?"

ಒಳ್ಳೆಯ ಪ್ರಶ್ನೆ. ಫ್ರಾನ್ಸಿನ ಚಿಂತಕ ಪಾಸ್ಕಲ್ 17ನೇ ಶತಮಾನದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನಂಬಲು ಆಗದವನು ನಂಬುವವರು ಮಾಡುವುದನ್ನೆಲ್ಲ ಮಾಡುತ್ತಾ ಹೋಗಲಿ, ನಂಬಿಕೆ ತಾನಾಗಿ ಬರುತ್ತದೆ ಅಂತ. ಯಾವುದನ್ನು ಓದುತ್ತೇವೆ, ಯಾರ ಜೊತೆ ಇರುತ್ತೇವೆ, ಯಾವ ಅಭ್ಯಾಸ ಇಟ್ಟುಕೊಳ್ಳುತ್ತೇವೆ ಅನ್ನುವುದು ನಮ್ಮ ಕೈಯಲ್ಲಿದೆ. ನಿಧಾನಕ್ಕೆ ಅದು ನಂಬಿಕೆಯನ್ನೂ ತಿದ್ದಬಹುದು. ಆದರೆ ಇಂಥ ಫಲವೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ. ಈ ಗಂಡ, ಹೆಂಡತಿಗೆ ಗೊತ್ತಿಲ್ಲದ ಹಾಗೆ, ವರ್ಷಗಟ್ಟಲೆ ಪಾಸ್ಕಲ್ ಹೇಳಿದ ಹಾಗೆಯೇ ನಡೆದಿದ್ದರು. ವಿಡಿಯೋ ನೋಡಿದ್ದು ಅದು ಫಲಿಸದೇ ಹೋದ ಮೇಲೆ. ಆ ಮಾತು ಹೆಂಡತಿಯ ಕಿವಿಗೆ ಬಿದ್ದದ್ದು ನನ್ನ ಕೋಣೆಯಲ್ಲೇ, ಮೊದಲ ಸಲ.

ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ, ಸಾಕ್ಷಿ ತೀರ್ಮಾನ ಕೊಡಲಾಗದ ಕಡೆ ನಂಬುವ ಹಕ್ಕು ಮನುಷ್ಯನಿಗೆ ಇದೆ ಅಂತ ವಾದಿಸಿದರು. ಅವರೂ ಒಂದು ಷರತ್ತು ಇಟ್ಟಿದ್ದರು: ಆ ನಂಬಿಕೆ ಆ ಮನುಷ್ಯನ ಪಾಲಿಗೆ ಇನ್ನೂ ಜೀವಂತ ಸಾಧ್ಯತೆ ಆಗಿರಬೇಕು. ಹೆಂಡತಿಗೆ ಅದು ಜೀವಂತ. ಗಂಡನಿಗೆ ಸದ್ಯಕ್ಕೆ ಅಲ್ಲ.

ಇಲ್ಲಿ ಗಂಡನಿಗೂ ಒಂದು ಮಾತು ಹೇಳಬೇಕಾಯಿತು. "ಇಷ್ಟು ಓದಿದವಳು, ಬೇಕೂಂತ ಕಣ್ಣು ಮುಚ್ಚಿಕೊಂಡಿದ್ದಾಳೆ" ಅಂತ ಅವರು ಎರಡು ಮೂರು ಸಲ ಅಂದಿದ್ದರು. ಅಂದರೆ ಇಬ್ಬರ ಸಿಟ್ಟೂ ಒಂದೇ ಬೇರಿನದು. ಎದುರಿನವರು ಹಟಕ್ಕೆ ಹೀಗೆ ಮಾಡುತ್ತಿದ್ದಾರೆ ಅಂತ ಇಬ್ಬರೂ ತಿಳಿದಿದ್ದರು. ತನ್ನ ನಂಬಿಕೆ ಹೋದದ್ದು ತನ್ನ ಕೈಯಲ್ಲಿ ಇರಲಿಲ್ಲ ಎನ್ನುವವರು, ಆಕೆಯ ನಂಬಿಕೆ ಉಳಿದದ್ದು ಆಕೆಯ ಹಟ ಅಂತ ಹೇಗೆ ಹೇಳುತ್ತಾರೆ?

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಗಂಡನಿಗೆ: ಅನುಮಾನ ಒತ್ತಿ ಹಿಡಿಯುವುದನ್ನು ನಿಲ್ಲಿಸಿ. ಬಿಳಿ ಕರಡಿಯನ್ನು ನೆನೆಸಬೇಡಿ ಅಂದಾಗ ಜನ ಅದನ್ನೇ ನೆನೆಸುತ್ತಾರೆ ಅಂತ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ತಂಡ 1987ರಲ್ಲೇ ತೋರಿಸಿತ್ತು. ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಇದೂ ಒಂದು ಕಾರಣ. ಆದರೆ ಊಟದ ಹೊತ್ತಿಗೆ ವಾದಕ್ಕೆ ಇಳಿಯುವುದು, ಪ್ರಾರ್ಥನೆಯನ್ನು ಗೇಲಿ ಮಾಡುವುದು ನಿಮ್ಮ ಕೈಯಲ್ಲೇ ಇದೆ, ಅದನ್ನು ಬಿಡಿ. ಹೆಂಡತಿಗೆ: ಅವರ ಫೋನಿಗೆ ಪ್ರವಚನ ಕಳಿಸಬೇಡಿ. ಜೊತೆಗೆ ಬನ್ನಿ ಅಂತ ಕರೆಯಬಹುದು. ನಂಬಿ ಅಂತ ಒತ್ತಾಯ ಬೇಡ. ಬರುವುದಾದರೆ ಅವರು ಸುಮ್ನೆ ಪಕ್ಕದಲ್ಲಿ ಕೂರಲಿ, ಒಪ್ಪದ ಮಾತನ್ನು ಬಾಯಲ್ಲಿ ಹೇಳಿಸಬೇಡಿ.

ಹೊರಗೆ ಮಾಡುವುದಕ್ಕೂ ಒಳಗೆ ನಂಬುವುದಕ್ಕೂ ನಡುವಿನ ಈ ಗೆರೆ ಕಾನೂನಿನಲ್ಲೂ ಇದೆ. ವಿಶ್ವಸಂಸ್ಥೆ 1966ರಲ್ಲಿ ಅಂಗೀಕರಿಸಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 18ನೇ ವಿಧಿ, ಧರ್ಮದ ಹೊರಗಿನ ಆಚರಣೆಗೆ ಮಾತ್ರ ಕೆಲವು ಮಿತಿ ಹಾಕಲು ಸರ್ಕಾರಗಳಿಗೆ ಬಿಡುತ್ತದೆ. ಒಳಗಿನ ನಂಬಿಕೆಯನ್ನು ಮುಟ್ಟಲು ಬಿಡುವುದಿಲ್ಲ.

ಇಷ್ಟಾದ ಮೇಲೂ ಹೆಂಡತಿಯ ಮುಖ ತಿಳಿಯಾಗಿರಲಿಲ್ಲ. ಗಂಡನ ಎದುರಿಗೇ ಕೇಳಿದೆ, ನಿಮಗೆ ನಿಜವಾಗಿ ಭಯ ಯಾವುದು ಅಂತ. ತುಂಬ ಹೊತ್ತು ಬಿಟ್ಟು ಹೇಳಿದರು: "ಸತ್ತ ಮೇಲೆ ನಾವು ಒಟ್ಟಿಗೆ ಇರಲ್ವಲ್ಲ." ಗಂಡ ಏನೋ ಹೇಳಲು ಬಾಯಿ ತೆರೆದರು. ತಡೆದೆ. ಅದು ವಾದದಿಂದ ಕರಗುವ ಭಯ ಅಲ್ಲ. ಆಕೆ ಅದನ್ನು ಪೂರ್ತಿ ಹೇಳಿಕೊಳ್ಳಲಿ, ನೀವು ತಿದ್ದದೆ ಕೇಳಿ ಅಂದೆ. ಅವತ್ತಿನ ಉಳಿದ ಸಮಯವೆಲ್ಲ ಅದಕ್ಕೇ ಹೋಯಿತು. ನನ್ನ ಲೆಕ್ಕದಲ್ಲಿ ಈ ಪ್ರಕರಣದಲ್ಲಿ ನಡೆದ ಮುಖ್ಯ ಕೆಲಸ ಅದೇ.

ಈಗ ಗಂಡನ ನಿದ್ದೆ ಸುಧಾರಿಸಿದೆ, ನಂಬಿಕೆ ಮರಳಿಲ್ಲ. ಮಕ್ಕಳಿಗೆ "ನಾನು ನಂಬ್ತೀನಿ", "ನಾನು ನಂಬಲ್ಲ" ಅಂತ ಇಬ್ಬರೂ ನೇರವಾಗಿ ಹೇಳಬಹುದು, "ಅಪ್ಪ ತಪ್ಪು, ಅಮ್ಮ ತಪ್ಪು" ಅನ್ನಬಾರದು ಅಂತ ಒಪ್ಪಿಕೊಂಡಿದ್ದಾರೆ. ದೊಡ್ಡ ಮಗಳನ್ನು ಧರ್ಮಪಾಠಕ್ಕೆ ಕಳಿಸಬೇಕೇ ಬೇಡವೇ ಅನ್ನುವುದು ಇನ್ನೂ ಬಗೆಹರಿದಿಲ್ಲ. ಮುಂದಿನ ಭೇಟಿ ಅದರ ಬಗ್ಗೆ.