ಹತ್ತೇ ನಿಮಿಷಕ್ಕೆ ಗಲಾಟೆ: ಚಿಕ್ಕ ಮಕ್ಕಳಿಗೆ ಸಂಗೀತ ಪಾಠ ಹೇಗೆ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ವಾರಕ್ಕೊಮ್ಮೆ ಸಂಗೀತ ಹೇಳಿಕೊಡುವ ಆಸೆ. ನಾನು ಸಂಗೀತ ಕಲಿತವಳಲ್ಲ, ಹಾರ್ಮೋನಿಯಂ ಕೂಡ ಇಲ್ಲ. ಮೊಬೈಲಿನಲ್ಲಿ ಹಾಡು ಹಾಕಿದರೆ ಹತ್ತು ನಿಮಿಷಕ್ಕೆ ಗಲಾಟೆ. ಅರ್ಧ ಮಕ್ಕಳ ಮನೆಮಾತು ತೆಲುಗು. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಆ ಮೊಬೈಲ್ ಪಕ್ಕಕ್ಕಿಡಿ. ಆರು ವರ್ಷದ ಮಗು ಸುಮ್ನೆ ಕೂತು ಕೇಳೋದು ಕಷ್ಟ. ಕೈಕಾಲಿಗೆ ಕೆಲಸ ಕೊಡಿ, ಗಲಾಟೆ ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೇ ಲಯದಿಂದ ಶುರು ಮಾಡಿ, ಹಾಡು ಆಮೇಲೆ. ಲಯಕ್ಕೆ ಹಾರ್ಮೋನಿಯಂ ಬೇಡ, ಮನೆಮಾತು ಯಾವುದಾದರೂ ಆಗುತ್ತದೆ.

ಹಾಜರಿ ಪುಸ್ತಕದಲ್ಲೇ ಪಾಠ ಇದೆ. 'ಕವನ' ಅಂದರೆ ಮೂರು ಅಕ್ಷರ, ತಾಳದ ಮಾತಿನಲ್ಲಿ ಅದು ತಕಿಟ. 'ಮುನಿರಾಜು' ನಾಲ್ಕು, ತಕಧಿಮಿ. 'ಗೌರಿ' ಬರೀ ತಕ. ಮಕ್ಕಳನ್ನು ದುಂಡಗೆ ನಿಲ್ಲಿಸಿ. ಒಬ್ಬೊಬ್ಬರೂ ಹೆಸರು ಹೇಳುತ್ತಾ ಅಕ್ಷರಕ್ಕೊಂದು ಚಪ್ಪಾಳೆ ತಟ್ಟಲಿ, ಉಳಿದವರು ಹಾಗೇ ತಿರುಗಿ ತಟ್ಟಲಿ. ಎರಡನೇ ಸುತ್ತಿಗೆ ಹೆಸರಿನ ಜಾಗದಲ್ಲಿ ತಕಿಟ, ತಕಧಿಮಿ. ಮೂರನೇ ಸುತ್ತಿಗೆ ಬಾಯಿ ಬಂದ್, ಚಪ್ಪಾಳೆ ಮಾತ್ರ. ಯಾರ ಹೆಸರಿರಬಹುದು ಅಂತ ಉಳಿದವರು ಹುಡುಕಬೇಕು. ಮೂರನೇ ತರಗತಿಯವರಿಗೆ ಆದಿತಾಳ ತೋರಿಸಿ: ಒಂದು ತಟ್ಟು, ಆಮೇಲೆ ಬೆರಳೆಣಿಕೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಕೊನೆಗೆ ತಟ್ಟಿ ಅಂಗೈ ತಿರುವು, ತಟ್ಟಿ ತಿರುವು. ಎಂಟು ಎಣಿಕೆ. ಅವರು ತಾಳ ಹಾಕಲಿ, ಚಿಕ್ಕವರು ಅದಕ್ಕೆ ಹೆಜ್ಜೆ ಹಾಕಲಿ.

ಹಾಡು ಒಂದೇ ಸಾಕು, ಎರಡು ಮೂರು ವಾರ ಅದೇ ಇರಲಿ. ನಾಲ್ಕೈದು ಸ್ವರದೊಳಗೆ ಓಡಾಡುವ ಪುಟ್ಟ ಹಾಡು ಆರಿಸಿ, ನೀವೇ ಹಾಡಿ. ನಿಮ್ಮ ದನಿ ಮಕ್ಕಳಿಗೆ ಇಷ್ಟ, ಸಂಕೋಚ ಬೇಡ. ತೀರಾ ತಗ್ಗಿನಲ್ಲಿ ಮಾತ್ರ ಎತ್ತಿಕೊಳ್ಳಬೇಡಿ. ಕೆಳಗಿನ ಸ್ವರ ಮಕ್ಕಳ ಗಂಟಲಿಗೆ ಸಿಗದೆ ಗೊಣಗುತ್ತಾರೆ. 'ಜೋರಾಗಿ' ಅಂದರೆ ಕಿರುಚುತ್ತಾರೆ. ಹಾಡು ಬಾಯಿಗೆ ಬಂದ ಮೇಲೆ ಒಂದು ಆಟ ಆಡಿ. ನೀವು ತಲೆ ಮೇಲೆ ಕೈ ಇಟ್ಟರೆ ಎಲ್ಲರೂ ಮನಸ್ಸಿನೊಳಗೇ ಹಾಡಬೇಕು, ಕೈ ಇಳಿಸಿದಾಗ ಮತ್ತೆ ಬಾಯಿಬಿಟ್ಟು. ಎಲ್ಲರೂ ಒಂದೇ ಜಾಗಕ್ಕೆ ಬಂದು ಸೇರಿದರೆ ಲಯ ಒಳಗೆ ಕೂತಿದೆ ಅಂತ ಲೆಕ್ಕ.

ತೆಲುಗಿನ ಬಗ್ಗೆ ಚಿಂತೆ ಯಾಕೆ? ಅಜ್ಜಿಯಿಂದ ಒಂದು ಹಾಡು ಕಲಿತು ಬನ್ನಿ ಅಂತ ಹೇಳಿ, ಯಾವ ಭಾಷೆಯಾದರೂ ಸರಿ. ನಿಮ್ಮ ತಾಲ್ಲೂಕಿನ ಕೈವಾರ ತಾತಯ್ಯನವರೇ ಎರಡೂ ಭಾಷೆಯಲ್ಲಿ ಪದ ಹಾಡಿದವರು, ಅಲ್ವಾ?

ಇನ್ನೊಂದು ಮಾತು, ಇದನ್ನು ಬಿಡಬೇಡಿ. ಊರಿನ ತಮಟೆ ಕಲಾವಿದರನ್ನು ಒಂದು ದಿನ ಶಾಲೆಗೆ ಕರೆಯಿರಿ. ನಿಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಈ ತಮಟೆಗೇ. ತಮಟೆಯವರನ್ನು ಹಬ್ಬ, ಸಾವಿಗೆ ಕರೆಸಿ ದೂರ ನಿಲ್ಲಿಸುವ ರೂಢಿ ಎಷ್ಟೋ ಕಡೆ ಇದೆ. ಶಾಲೆಯಲ್ಲಿ ಅವರಿಗೆ ಕುರ್ಚಿ ಹಾಕಿ, ಮಕ್ಕಳು 'ಮೇಷ್ಟ್ರೇ' ಅನ್ನಲಿ. ತಮಟೆಯನ್ನು ಬೆಂಕಿಗೆ ಕಾಯಿಸುವ ಮುಂಚೆ ಒಂದು ಪೆಟ್ಟು, ಚರ್ಮ ಬಿಗಿಯಾದ ಮೇಲೆ ಒಂದು ಪೆಟ್ಟು ಹೊಡೆಯಲು ಕೇಳಿ. ಎರಡಕ್ಕೂ ಏನು ವ್ಯತ್ಯಾಸ ಅಂತ ಮಕ್ಕಳೇ ಹೇಳಲಿ.

ಸ್ವರಗಳ ಮೊದಲ ಪಾಠವಾದ ಸರಳೆ ವರಸೆಗೆ ಅವಸರ ಬೇಡ, ಮುಂದಿನ ವರ್ಷ ನೋಡೋಣ.