ಸ್ಪೇನಿನ ಹಳೆಯ ಮನೆಯನ್ನು "ಸ್ಪ್ಯಾನಿಷ್ ವಿಲ್ಲಾ" ಮಾಡಲು ಯಾವ ಶೈಲಿ ಸರಿ?

ಮಾಲಗಾ ಹತ್ತಿರದ ಹಳ್ಳಿಯಲ್ಲಿ ನೂರು ವರ್ಷ ದಾಟಿದ ಮನೆ, ಗೋಡೆಯ ಬುಡದಲ್ಲಿ ತೇವ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಬಿಳಿ ಬಣ್ಣ ಹೊಡೆಸಿ, ಎರಡು ಕಮಾನು ಇಟ್ಟು ವಿಲ್ಲಾ ಮಾಡಬೇಕು. ಮೂರಿಷ್ (ಹಿಂದೆ ಸ್ಪೇನನ್ನು ಆಳಿದ ಅರಬ್ಬಿ ಮುಸ್ಲಿಮರ ಶೈಲಿ), ಮೆಡಿಟರೇನಿಯನ್, ಕಲೋನಿಯಲ್ ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಶೈಲಿಯ ಮಾತು ಆಮೇಲೆ ಆಡೋಣ. ಮೊದಲು ಆ ಸಿಮೆಂಟ್ ನಿಲ್ಲಿಸಿ.

ನಾನು ಕೆಡಿಸಿದ್ದು ಗ್ರನಾಡಾ ಪ್ರಾಂತ್ಯದ ಒಂದು ಹಳ್ಳಿಮನೆ. ನಡುವೆ ಅಂಗಳ, ಮೂರು ಕಡೆ ಕೋಣೆ, 60 ಸೆಂಟಿಮೀಟರ್ ದಪ್ಪದ ಗೋಡೆ. ಬುಡದ ಮೊಣಕಾಲೆತ್ತರ ಕಾಡುಗಲ್ಲು, ಅದರ ಮೇಲೆ ತಾಪಿಯಾಲ್. ಅಂದರೆ ಎರಡು ಹಲಗೆಗಳ ನಡುವೆ ಹಸಿಮಣ್ಣು ಸುರಿದು, ಪದರಪದರವಾಗಿ ದಮ್ಮಸ್ಸು ಮಾಡಿ ಎಬ್ಬಿಸಿದ ಗೋಡೆ. ಗ್ರನಾಡಾ ನಗರದ ಅಲ್‌ಹಂಬ್ರಾ ಅರಮನೆಯ ಕೋಟೆಗೋಡೆಗಳೂ ಇದೇ ಜಾತಿಯವು; ಅಲ್ಲಿ ಮಣ್ಣಿಗೆ ಸುಣ್ಣ ಬೆರೆಸಿದ್ದಾರೆ. ನಿಮ್ಮ ಗೋಡೆ ಯಾವುದೆಂದು ಗೊತ್ತಿಲ್ಲದಿದ್ದರೆ ಕಿಟಕಿಯ ಪಕ್ಕ ಅಂಗೈಯಗಲ ಕೆರೆದು ನೋಡಿ. ಆ ಕಾಲದ ಹಳ್ಳಿಮನೆಯಲ್ಲಿ ಕಾಣುವುದು ಬಹುಮಟ್ಟಿಗೆ ಮಣ್ಣು, ಇಲ್ಲವೇ ಮಣ್ಣು-ಸುಣ್ಣದಲ್ಲಿ ಕೂರಿಸಿದ ಕಲ್ಲು.

ಬುಡದ 80 ಸೆಂಟಿಮೀಟರ್‌ವರೆಗೆ ಸುಣ್ಣ ಉದುರುತ್ತಿತ್ತು. ಒಂದಕ್ಕೆ ನಾಲ್ಕರ ಸಿಮೆಂಟ್ ಗಾರೆ, ಅದರಲ್ಲಿ ವಾಟರ್‌ಪ್ರೂಫ್ ಪುಡಿ, ಒಳಗಡೆ ಒಂದೂವರೆ ಮೀಟರ್ ಎತ್ತರದವರೆಗೆ ಎರಡು ಸೆಂಟಿಮೀಟರ್ ದಪ್ಪ ಹೊಡೆಸಿದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ಹೊರಗಿನಿಂದ ಸೂರಿನವರೆಗೂ ಅದೇ, ಮೇಲೆ ಪ್ಲಾಸ್ಟಿಕ್ ಪೇಂಟ್. ಮೊದಲ ಚಳಿಗಾಲ ಎಲ್ಲ ಒಣಗಿ ಚೆನ್ನಾಗಿ ಕಂಡಿತು. ಎರಡನೆಯ ಚಳಿಗಾಲದಲ್ಲಿ ತೇವದ ಗೆರೆ 1.6 ಮೀಟರ್‌ನಲ್ಲಿ, ಸಿಮೆಂಟ್ ಮುಗಿದ ಜಾಗದ ಸರಿಯಾಗಿ ಮೇಲೆ ಎದ್ದಿತು. ಮೂರನೆಯದರಲ್ಲಿ ಪಡುವಣ ಗೋಡೆಯೊಳಗೆ ಹೂತಿದ್ದ ಎರಡು ತೊಲೆಗಳ ತುದಿ ಕೊಳೆತವು. ಚಾಕು ಒತ್ತಿದರೆ ಮರದೊಳಗೆ ಇಳಿಯುತ್ತಿತ್ತು.

ಹೀಗೇಕಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೇಸ್ತ್ರಿಗಳು "ಸಿಮೆಂಟ್ ಗಟ್ಟಿ" ಎಂಬ ಒಂದೇ ಮಾತು ಹೇಳಿ ಮುಗಿಸುತ್ತಾರೆ. ಈ ಗೋಡೆಗಳ ಬುಡದಲ್ಲಿ ನೀರು ತಡೆಯುವ ಪದರವೇ ಇಲ್ಲ. ನೆಲದ ನೀರು ಗೋಡೆಗೆ ಏರುತ್ತದೆ, ಗೋಡೆಯ ಮೈಯಿಂದ ಆರಿಹೋಗುತ್ತದೆ. ಏರುವುದೂ ಆರುವುದೂ ಸಮವಾಗುವ ಎತ್ತರದಲ್ಲಿ ತೇವ ನಿಲ್ಲುತ್ತದೆ. ಸುಣ್ಣದ ಗಾರೆ ಆವಿಯನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಹುಮಟ್ಟಿಗೆ ತಡೆಯುತ್ತದೆ, ಪ್ಲಾಸ್ಟಿಕ್ ಪೇಂಟ್ ಇನ್ನೂ ತಡೆಯುತ್ತದೆ. ಆರುವ ಜಾಗ ಮುಚ್ಚಿದರೆ ನೀರು ಆರುವ ಜಾಗ ಸಿಗುವವರೆಗೆ ಏರುತ್ತದೆ. ಜೊತೆಗೆ ನೆಲದ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟುತ್ತದೆ, ಆ ಹರಳು ಬೆಳೆಯುವ ಒತ್ತಡಕ್ಕೆ ಗೋಡೆಯ ಮೈ ಪುಡಿಯಾಗುತ್ತದೆ. ಹೊರಗಡೆಯ ಕಥೆ ಬೇರೆ. ಸಿಮೆಂಟ್ ಬಿಗಿ, ಮಣ್ಣಿನ ಗೋಡೆ ಬಿಸಿಲು-ಚಳಿಗೆ ಅಲುಗುವಂಥದ್ದು. ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಮಳೆನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ, ತೊಲೆಯ ತುದಿಯಲ್ಲಿ ನಿಲ್ಲುತ್ತದೆ.

ಇನ್ನೊಂದು ತಪ್ಪು ಅದಕ್ಕೂ ಹಿಂದಿನದು: ತೇವ ಎಲ್ಲಿಂದ ಬರುತ್ತಿದೆ ಎಂದು ನಾನು ಹುಡುಕಲೇ ಇಲ್ಲ. ಬೀದಿಗೆ ಕಾಂಕ್ರೀಟ್ ಹಾಕಿದಾಗ ಹೊರಗಿನ ನೆಲ ಮನೆಯ ಹೊಸ್ತಿಲಿಗಿಂತ 30 ಸೆಂಟಿಮೀಟರ್ ಎತ್ತರವಾಗಿತ್ತು. ಕಾಡುಗಲ್ಲಿನ ಬುಡ ಪೂರ್ತಿ ನೆಲದೊಳಗೆ ಮುಳುಗಿ ಮಣ್ಣಿನ ಗೋಡೆಯೇ ಒದ್ದೆನೆಲಕ್ಕೆ ತಾಗಿಕೊಂಡಿತ್ತು. ನೀವು ಮನೆ ನೋಡಲು ಹೋದಾಗ ಒಳಗಿನ ನೆಲದಿಂದ ಹೊರಗಿನ ನೆಲಕ್ಕೆ ರಸಮಟ್ಟ ಹಿಡಿದು ಅಳೆಯಿರಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಕೊಳಾಯಿ ಎಲ್ಲಿ ಸೋರುತ್ತದೆ ನೋಡಿ. ಹತ್ತು ನಿಮಿಷದ ಕೆಲಸ.

ಸರಿಪಡಿಸುವ ಬಗೆ ಹೀಗೆ; ಯಾವುದು ಮೊದಲು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಸಿಮೆಂಟನ್ನು ಕೈ ಉಳಿ-ಸುತ್ತಿಗೆಯಿಂದಲೇ ತೆಗೆಸಿ. ಬ್ರೇಕರ್ ಮೆಷಿನ್ ಬಳಸಿದರೆ ತಾಪಿಯಾಲ್‌ನ ಮೈ ಎರಡು ಮೂರು ಸೆಂಟಿಮೀಟರ್ ಕಿತ್ತುಕೊಂಡೇ ಬರುತ್ತದೆ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ಹೊರಗಡೆ ಗೋಡೆಗುಂಟ 40 ಸೆಂಟಿಮೀಟರ್ ಅಗಲದ ಕಾಲುವೆ ತೋಡಿ, 100 ಮಿಲಿಮೀಟರ್ ತೂತಿನ ಪೈಪನ್ನು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಿನಲ್ಲಿ ಮಲಗಿಸಿ, ದಪ್ಪ ಜಲ್ಲಿ ತುಂಬಿಸಿ. ಅಡಿಪಾಯದ ತಳಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ, ಮಣ್ಣಿನ ಗೋಡೆ ಕುಸಿಯುತ್ತದೆ. ಬೀದಿ ಕಡೆ ಅಗೆಯಲು ಆಯುಂತಾಮಿಯೆಂತೊ, ಅಂದರೆ ಊರಿನ ಪುರಸಭೆ, ಅನುಮತಿ ಕೊಡಬೇಕು. ಮನೆ ಪಾರಂಪರಿಕ ಪಟ್ಟಿಯಲ್ಲಿದ್ದರೆ ಹೊರಗಿನ ಬಣ್ಣಕ್ಕೂ ಅಪ್ಪಣೆ ಬೇಕಾಗಬಹುದು; ಕೊಳ್ಳುವ ಮೊದಲೇ ಕೇಳಿ.

ಆಮೇಲೆ ಕಾಯಬೇಕು. ಒದ್ದೆ ಗೋಡೆ ಒಣಗಲು ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎಂಬುದು ಈ ಕೆಲಸದವರ ಅಂದಾಜು. 60 ಸೆಂಟಿಮೀಟರ್ ಗೋಡೆಗೆ ಎರಡು ವರ್ಷವಾಯಿತು. ಬೇಸಿಗೆ ಚೆನ್ನಾಗಿದ್ದರೆ ಬೇಗ ಆಗಬಹುದು, ಆದರೂ ಒಂದು ಬೇಸಿಗೆಯಾದರೂ ಗೋಡೆ ಬರಿಮೈಯಲ್ಲಿರಲಿ. ಎರಡು ಮುಳ್ಳು ಚುಚ್ಚಿ ನೋಡುವ ತೇವದ ಮೀಟರ್ ನಂಬಬೇಡಿ. ಉಪ್ಪಿದ್ದರೆ ಒಣ ಗೋಡೆಯನ್ನೂ ಒದ್ದೆಯೆಂದು ತೋರಿಸುತ್ತದೆ. ಗೋಡೆಗೆ 10, 20, 30 ಸೆಂಟಿಮೀಟರ್ ಆಳಕ್ಕೆ ನಿಧಾನವಾಗಿ ಡ್ರಿಲ್ ಮಾಡಿ, ಬಂದ ಪುಡಿಯನ್ನು ತೂಗಿ, ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಿ. ಕಡಿಮೆಯಾದ ತೂಕವೇ ನೀರು. ಎರಡು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಗೋಡೆ ಒಣಗುತ್ತಿದೆಯೋ ಇಲ್ಲವೋ ಎಂಬುದು ಲೆಕ್ಕದಲ್ಲೇ ಕಾಣುತ್ತದೆ.

ಗಾರೆಗೆ ನೀರಿನಲ್ಲೂ ಗಟ್ಟಿಯಾಗುವ ನೈಸರ್ಗಿಕ ಸುಣ್ಣ ಸಿಗುತ್ತದೆ, ಚೀಲದ ಮೇಲೆ ಎನ್‌ಎಚ್‌ಎಲ್ 3.5 ಎಂದಿರುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ತೊಳೆದ ಒರಟು ಮರಳು. ಕಡಲ ಮರಳು ಬೇಡವೇ ಬೇಡ. ಗೋಡೆಗೆ ನೀರು ಚಿಮುಕಿಸಿ, ಮೊದಲು ತೆಳುವಾಗಿ ಎರಚುವ ಪದರ. ಅದು ಹಿಡಿದ ಮೇಲೆ 10 ಮಿಲಿಮೀಟರ್‌ನ ಪದರ, ಕೊನೆಗೆ ಸಣ್ಣ ಮರಳಿನ 3ರಿಂದ 5 ಮಿಲಿಮೀಟರ್. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗುವವರೆಗೆ ಮುಂದಿನ ಪದರ ಹಾಕಕೂಡದು, ವಾರವಾದರೂ ಬಿಡಿ. ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದರೆ ಸುಣ್ಣವೆಲ್ಲ ಮೈಗೆ ಬಂದು ಸಿಪ್ಪೆ ಏಳುತ್ತದೆ, ಮರದ ಹಲಗೆಯಿಂದ ತಿಕ್ಕಿ ಬಿಡಿ. ಒದ್ದೆ ಗೋಣಿತಟ್ಟು ಇಳಿಬಿಟ್ಟು ಬಿಸಿಲಿನಿಂದ ಕಾಪಾಡಬೇಕು.

ಮೇಲಿನ ಬಿಳುಪು ಪೇಂಟಲ್ಲ, ಸುಣ್ಣದ ತಿಳಿ. ಮಾಲಗಾ, ಗ್ರನಾಡಾ ಸೇರಿದ ದಕ್ಷಿಣ ಸ್ಪೇನ್, ಅಂದರೆ ಆಂದಲೂಸಿಯಾದ ಬಿಳಿ ಹಳ್ಳಿಗಳ ಹಳೆಯ ಬಿಳುಪು ಇದೇ, ವರ್ಷವರ್ಷ ಬಳಿದು ಬಳಿದು ಸುಣ್ಣದ ಪದರವೇ ಬೆರಳು ದಪ್ಪವಾದ ಗೋಡೆಗಳೂ ಇವೆ. ಬಿಸಿಲನ್ನು ಹಿಂದಕ್ಕೆ ಕಳಿಸುವುದಕ್ಕೂ ಕ್ರಿಮಿ ಕೊಲ್ಲುವುದಕ್ಕೂ ಅದನ್ನು ಬಳಿಯುತ್ತಿದ್ದರು. ಸೆವಿಲ್ಲಾ ಪ್ರಾಂತ್ಯದ ಮೊರೋನ್ ದೆ ಲಾ ಫ್ರೊಂತೆರಾದಲ್ಲಿ ಗೂಡಿನಲ್ಲಿ ಸುಣ್ಣ ಸುಡುವ ಕಸುಬನ್ನು ಉಳಿಸಿಕೊಂಡಿದ್ದಾರೆ. 2011ರಲ್ಲಿ ಯುನೆಸ್ಕೊ ಆ ಪ್ರಯತ್ನವನ್ನು ಮಾದರಿಯೆಂದು ದಾಖಲಿಸಿತು. ಹಲವು ತಿಂಗಳು ನೀರಿನಲ್ಲಿ ನೆನೆದ ಸುಣ್ಣದ ಮುದ್ದೆಯನ್ನು ಹಾಲಿನಷ್ಟು ತೆಳ್ಳಗೆ ಕದಡಿ, ಜರಡಿ ಹಿಡಿದು, ಗೋಡೆ ಒದ್ದೆ ಮಾಡಿ, ದಿನಕ್ಕೊಂದರಂತೆ ನಾಲ್ಕೈದು ಕೈ ಬಳಿಯಿರಿ. ಬಳಿಯುವಾಗ ಗೋಡೆ ಕಾಣುತ್ತಲೇ ಇರಬೇಕು, ಒಣಗಿದಾಗ ಬಿಳುಪಾಗುತ್ತದೆ. ದಪ್ಪ ಬಳಿದರೆ ಪುಡಿಯುದುರುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ, ಸುಣ್ಣ ಕಣ್ಣು ಸುಡುತ್ತದೆ.

ಇನ್ನು ಶೈಲಿ. ನಿಮ್ಮ ಮೂರು ಆಯ್ಕೆಗಳನ್ನು ನಾನು ಒಪ್ಪುವುದಿಲ್ಲ. ಇವತ್ತು ಬೆಂಗಳೂರಿನ ಲೇಔಟುಗಳಲ್ಲೂ "ಸ್ಪ್ಯಾನಿಷ್ ವಿಲ್ಲಾ" ಎಂದು ಮಾರುವ ನಮೂನೆ ರೂಪುಗೊಂಡದ್ದು ಕ್ಯಾಲಿಫೋರ್ನಿಯಾದಲ್ಲಿ. 1915ರ ಸ್ಯಾನ್ ಡಿಯಾಗೊ ವಸ್ತುಪ್ರದರ್ಶನಕ್ಕೆ ವಾಸ್ತುಶಿಲ್ಪಿ ಬರ್ಟ್ರಮ್ ಗುಡ್‌ಹ್ಯೂ ಮಾಡಿದ ಕಟ್ಟಡಗಳಿಂದ ಅದು ಜನಪ್ರಿಯವಾಯಿತು, 1925ರ ಭೂಕಂಪದ ನಂತರ ಸಾಂತಾ ಬಾರ್ಬರಾ ನಗರವನ್ನು ಅದೇ ರೂಪದಲ್ಲಿ ಮತ್ತೆ ಕಟ್ಟಿದರು. ಅದನ್ನು ಆಂದಲೂಸಿಯಾದ ನಿಜವಾದ ಹಳ್ಳಿಮನೆಯ ಮೇಲೆ ಹೊದಿಸುವುದು ನನಗೆ ಸಂಕಟದ ವಿಷಯ.

ವಿಲ್ಲಾ ಎಂಬ ಮಾತೂ ಅಷ್ಟೇ. ರೋಮನ್ನರಿಗೆ ಅದು ಹೊಲಮನೆ: ಒಡೆಯನ ವಾಸದ ಭಾಗ, ಆಳುಕಾಳು-ದನಕರುಗಳ ಭಾಗ, ಎಣ್ಣೆ-ದ್ರಾಕ್ಷಾರಸ-ಕಾಳು ಕೂಡಿಡುವ ಭಾಗ. ಪಲೆನ್ಸಿಯಾ ಪ್ರಾಂತ್ಯದ ಲಾ ಒಲ್ಮೆದಾ ಎಂಬ ರೋಮನ್ ವಿಲ್ಲಾ ನೋಡಿ ಬನ್ನಿ. 4ನೆಯ ಶತಮಾನದ ಆ ಮನೆ 1968ರಲ್ಲಿ ಹೊಲದಡಿ ಸಿಕ್ಕಿತು, ನೆಲದ ಮೊಸಾಯಿಕ್ ಇನ್ನೂ ಅಲ್ಲೇ ಇದೆ, ಕೋಣೆಗಳೆಲ್ಲ ಅಂಗಳದ ಸುತ್ತ. ಆಮೇಲೆ ಸ್ಪೇನಿನಲ್ಲಿ ಆ ಪದಕ್ಕೆ ಸನದು ಪಡೆದ ಊರು ಎಂಬ ಅರ್ಥ ಬಂತು. ಮ್ಯಾಡ್ರಿಡ್ ಇವತ್ತಿಗೂ "ವೀಯಾ", ವಿಲ್ಲಾ ಪದದ ಸ್ಪ್ಯಾನಿಷ್ ಉಚ್ಚಾರ ಅದು. ಮನೆಗಳಿಗೆ ಜಾಗಕ್ಕೊಂದು ಹೆಸರಿದೆ. ಆಂದಲೂಸಿಯಾದ ಹೊಲಮನೆ ಕೊರ್ತೀಹೊ, ಗ್ರನಾಡಾದ ಗೋಡೆಯೊಳಗಿನ ತೋಟದ ಮನೆ ಕಾರ್ಮೆನ್, ಕ್ಯಾಟಲೋನಿಯಾದ ಕಲ್ಲುಮನೆ ಮಾಸಿಯಾ, ಗಲೀಸಿಯಾದ ಗ್ರಾನೈಟ್ ಮನೆ ಪಾಸೊ. ಮ್ಯಾಡ್ರಿಡ್ ಹತ್ತಿರದ ಅರಮನೆ-ಮಠ ಎಲ್ ಎಸ್ಕೊರಿಯಾಲ್‌ನ ಕಪ್ಪು ಸ್ಲೇಟಿನ ಚೂಪು ಚಾವಣಿಯೂ ಸ್ಪೇನಿನದೇ, ವಾಸ್ತುಶಿಲ್ಪಿ ಗೌದಿ ಬಾರ್ಸಿಲೋನಾದಲ್ಲಿ ಕಟ್ಟಿದ ಬಣ್ಣದ ಬಿಲ್ಲೆಯ ಮನೆ ಕಾಸಾ ವಿಸೆನ್ಸ್ ಕೂಡ ಸ್ಪೇನಿನದೇ. ಎಲ್ಲಕ್ಕೂ ಒಂದೇ ಬಿಳಿಗೋಡೆ-ಕೆಂಪುಹೆಂಚಿನ ಹಣೆಪಟ್ಟಿ ಹಚ್ಚಲಾಗದು.

ನಿಮ್ಮದು ಅಂಗಳದ ಮನೆಯಾಗಿದ್ದರೆ, ನಮ್ಮ ತೊಟ್ಟಿಮನೆಯಲ್ಲಿ ಆಡಿದವರಿಗೆ ಅದರ ಲೆಕ್ಕ ಬೇಗ ತಿಳಿಯುತ್ತದೆ. ರಾತ್ರಿ ತಂಪುಗಾಳಿ ಅಂಗಳಕ್ಕಿಳಿದು ನಿಲ್ಲುತ್ತದೆ, ದಪ್ಪ ಗೋಡೆ ಹಗಲ ಬಿಸಿಯನ್ನು ತಡವಾಗಿ ಒಳಬಿಡುತ್ತದೆ. ಬೀದಿಗೂ ಅಂಗಳಕ್ಕೂ ನಡುವಿನ ಸಣ್ಣ ಪಡಸಾಲೆ ಸಾಗ್ವಾನ್, ಮಳೆನೀರಿನ ತೊಟ್ಟಿ ಅಲ್ಹೀಬೆ, ಬಣ್ಣದ ಬಿಲ್ಲೆ ಅಸುಲೇಹೊ, ಮೂರೂ ಅರಬ್ಬಿಯಿಂದ ಬಂದ ಮಾತು. ನಿಮ್ಮ ಮೂರಿಷ್ ಇರುವುದು ಇವುಗಳಲ್ಲಿ. ಕಮಾನಿಗಾಗಿ ಗೋಡೆ ಒಡೆಸಬೇಡಿ. ಅಂಗಳಕ್ಕೆ ಗಾಜು ಮುಚ್ಚಿ ಹಾಲ್ ಮಾಡಿಸಬೇಡಿ. ಬಿಲ್ಲೆಯನ್ನು ಒದ್ದೆ ಗೋಡೆಯ ಬುಡಕ್ಕೆ ಸಿಮೆಂಟಿನಲ್ಲಿ ಅಂಟಿಸಬೇಡಿ, ಅದೂ ಗೋಡೆ ಮುಚ್ಚಿದಂತೆಯೇ. ತೇವ ಬಿಲ್ಲೆಯ ಮೇಲಂಚಿಗೆ ಏರುತ್ತದೆ.

ಹೆಂಚಿನ ವಿಷಯ ಒಂದಿದೆ. ಊರಿನ ಅಭ್ಯಾಸದಲ್ಲಿ ಮಂಗಳೂರು ಹೆಂಚಿನಂಥದ್ದು ಕೇಳಬೇಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಆ ಚಪ್ಪಟೆ ಕೊಂಡಿ ಹೆಂಚು ಫ್ರಾನ್ಸಿನ ಮಾರ್ಸೇಲ್ ಮಾದರಿಯ ಬಳಗ. ನಿಮ್ಮ ಮನೆಯ ಮೇಲಿರುವುದು ತೇಹಾ ಆರಬೆ, ನಮ್ಮ ನಾಡಹೆಂಚಿನ ಹಾಗೆ ಅರ್ಧಕೊಳವೆ: ಕೆಳಗಿನದು ಅಂಗಾತ, ಮೇಲಿನದು ಬೋರಲು. ಇಳಿಜಾರು ಮೀಟರಿಗೆ 30 ಸೆಂಟಿಮೀಟರ್ ಆಸುಪಾಸಿನಲ್ಲಿರಲಿ, ಒಂದರ ಮೇಲೊಂದು 10ರಿಂದ 15 ಸೆಂಟಿಮೀಟರ್ ಕೂರಲಿ. ಹಳೆಯ ಹೆಂಚು ಇಳಿಸುವಾಗ ಬೆರಳಿನಿಂದ ತಟ್ಟಿ. ಕಣಕಣ ಎಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದು ಬಂದರೆ ಸೀಳಿದೆ. ಒಳ್ಳೆಯ ಹಳೆಯವನ್ನು ಮೇಲಿನ ಸಾಲಿಗೆ, ಹೊಸವನ್ನು ಕಾಣದ ಕೆಳಸಾಲಿಗೆ ಹಾಕಿಸಿ. ಎಲ್ಲವನ್ನೂ ಸಿಮೆಂಟಿನಲ್ಲಿ ಕೂರಿಸಲು ಬಿಡಬೇಡಿ. ಸೂರು, ನೆತ್ತಿ, ಅಂಚು, ನಡುನಡುವೆ ಕೆಲವು ಸಾಲು ಸುಣ್ಣದ ಗಾರೆಯಲ್ಲಿ ಸಾಕು, ಇಲ್ಲದಿದ್ದರೆ ಒಂದು ಹೆಂಚು ಒಡೆದರೆ ಸುತ್ತಲಿನ ಹತ್ತು ಒಡೆಯಬೇಕಾಗುತ್ತದೆ. ಚಾವಣಿ ಬಿಗಿಯಾಗಲೆಂದು ಮಣ್ಣಿನ ಗೋಡೆಯ ತಲೆಯ ಮೇಲೆ ಭಾರದ ಕಾಂಕ್ರೀಟ್ ಬೀಮ್ ಹಾಕೋಣ ಎಂದು ಯಾರಾದರೂ ಹೇಳಿದರೆ, ತಾಪಿಯಾಲ್ ಬಲ್ಲ ಇಂಜಿನಿಯರ್ ಬಂದು ನೋಡುವವರೆಗೆ ಒಪ್ಪಬೇಡಿ.

ಕೆಲಸದ ಸಾಲು ಹೀಗಿರಲಿ: ಚಾವಣಿ ಮತ್ತು ಸೂರಿನ ನೀರು ಮೊದಲು, ಹೊರಗಿನ ಕಾಲುವೆ ಆಮೇಲೆ, ಸಿಮೆಂಟ್ ಇದ್ದರೆ ಕೀಳುವುದು ವಸಂತದಲ್ಲಿ. ಗಾರೆ ಮುಂದಿನ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ. ಜುಲೈನಲ್ಲಿ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ, ರಾತ್ರಿ 5 ಡಿಗ್ರಿಗಿಂತ ಕೆಳಗಿಳಿಯುವ ಕಾಲದಲ್ಲಿ ಸುಣ್ಣ ಗಟ್ಟಿಯಾಗುವುದಿಲ್ಲ.